ಮೈತ್ರೇಯಿ ಅಂತ ಹೆಸರಿಡುವುದಾದರೆ

ಪುಟ್ಟಿ, ನಿನ್ನ ಮೆಸೇಜೂ ಓದಿದೆ, ಅದರ ಕೆಳಗೆ ನಡೆದಿರುವ ಚರ್ಚೆಯೂ ಓದಿದೆ. ಇಷ್ಟೆಲ್ಲ ಟೈಪ್ ಮಾಡುತ್ತಾ ಕೂತರೆ ನನ್ನಿಂದ ಆಗುವುದಿಲ್ಲ, ಅದಕ್ಕೇ ಮಾತಿನಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಕೈಕೆಲಸ ಮಾಡುತ್ತಾ ಕೇಳಿಸಿಕೊಳ್ಳಿ ಎಲ್ಲರೂ.

ಮಗುವಿಗೆ ಮೈತ್ರೇಯಿ ಅಂತ ಇಡಲಾ ಅಂತ ನೀನು ಕೇಳಿದ್ದೀಯ. ಭಾವ, ನೀವು "ನೆಟ್‌ನಲ್ಲಿ ಅದಕ್ಕೆ ಸ್ನೇಹ ಅಂತ ಅರ್ಥ ಕೊಟ್ಟಿದ್ದಾರೆ, ಹಾಗಾದರೆ ಸುಮ್ನೆ ಸ್ನೇಹಾ ಅಂತಲೇ ಇಡಬಹುದಲ್ಲ" ಅಂದಿದ್ದೀರಿ. ಅಕ್ಕನಿಗೆ ಇದು ಬುದ್ಧನ ಹೆಸರು, ಹೆಣ್ಣುಮಗುವಿಗೆ ಹೊಂದುತ್ತಾ ಅಂತ ಅನುಮಾನ.

ಮೊದಲು ಭಾವನ ಮಾತಿಗೆ ಬರುತ್ತೇನೆ. ನೆಟ್‌ನಲ್ಲಿರುವುದು ಪೂರ್ತಿ ತಪ್ಪಲ್ಲ ಭಾವ, ಆದರೆ ನಡುವೆ ಒಂದು ಮೆಟ್ಟಿಲು ಹಾರಿಬಿಟ್ಟಿದ್ದಾರೆ. ಸ್ನೇಹ ಅನ್ನುವ ಅರ್ಥ ಇರುವುದು ಮೈತ್ರಿಗೆ. ಮೈತ್ರೇಯಿ ಹಾಗಲ್ಲ, ಅದು ಮನೆತನದ ಹೆಸರು. ವ್ಯಾಕರಣದವರು ಹೇಳುವುದು ಹೀಗೆ: ಮಿತ್ರಯು ಅಂತ ಒಬ್ಬ ಋಷಿ, ಅವನ ವಂಶದಲ್ಲಿ ಹುಟ್ಟಿದ ಗಂಡು ಮೈತ್ರೇಯ, ಹೆಣ್ಣು ಮೈತ್ರೇಯಿ. ಈ ರೂಪ ಮಾಮೂಲಿ ನಿಯಮಕ್ಕೆ ಸಲೀಸಾಗಿ ಬಗ್ಗುವುದಿಲ್ಲ. ಪಾಣಿನಿಯ ಸಂಸ್ಕೃತ ವ್ಯಾಕರಣ ಗ್ರಂಥ ಅಷ್ಟಾಧ್ಯಾಯಿಯಲ್ಲಿ ಇಂಥ ಹಟಮಾರಿ ಪದಗಳನ್ನೇ ಸಾಲಾಗಿ ಹೇಳುವ ಒಂದು ಸೂತ್ರ ಇದೆ, 6ನೇ ಅಧ್ಯಾಯದಲ್ಲಿ. ಅದರಲ್ಲಿ ಮೈತ್ರೇಯವೂ ಸೇರಿದೆ. ಇನ್ನು ಮಿತ್ರಯು ಅನ್ನುವ ಪದಕ್ಕೆ ಗೆಳೆತನ ಬಯಸುವವನು ಅಂತ ಅರ್ಥ. ಅಂದರೆ ಸ್ನೇಹ ಈ ಹೆಸರಿನೊಳಗೆ ಇದೆ, ಆದರೆ ಅದು ಬಂದಿರುವುದು ಮೂಲಪುರುಷನ ಕಡೆಯಿಂದ.

ನನಗೆ ಇದರಲ್ಲಿ ಮಜಾ ಅನಿಸುವುದು ಬೇರೆ ವಿಷಯ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಅನ್ನುವ ಋಷಿಯ ಸುತ್ತ ಮೂವರು ಹೆಂಗಸರು ಬರುತ್ತಾರೆ. ಅವನ ಇಬ್ಬರು ಹೆಂಡತಿಯರು ಮೈತ್ರೇಯಿ ಮತ್ತು ಕಾತ್ಯಾಯನಿ, ಜನಕನ ಸಭೆಯಲ್ಲಿ ಅವನಿಗೆ ಪ್ರಶ್ನೆ ಹಾಕುವ ಗಾರ್ಗಿ. ಮೂರೂ ವಂಶದ ಹೆಸರೇ! ಗಾರ್ಗಿ ಅಂದರೆ ಗರ್ಗ ಗೋತ್ರದವಳು. ಅವಳಿಗೆ ವಾಚಕ್ನವಿ ಅಂತ ಇನ್ನೊಂದು ಹೆಸರಿದೆ, ನೋಡಿದರೆ ಅದೂ ವಚಕ್ನುವಿನ ಮಗಳು ಅಂತಲೇ. ಮನೆಯಲ್ಲಿ ಅವಳನ್ನು ಏನಂತ ಕೂಗುತ್ತಿದ್ದರೋ, ಅದನ್ನು ಯಾರೂ ಬರೆದಿಡಲಿಲ್ಲ. ಮನೆಯಲ್ಲಿ ಮಾಡುವ ಆಚರಣೆಗಳನ್ನು ಹೇಳುವ ಹಳೇ ಗ್ರಂಥ ಆಶ್ವಲಾಯನ ಗೃಹ್ಯಸೂತ್ರದಲ್ಲಿ ದಿನವೂ ತರ್ಪಣ ಕೊಡಬೇಕಾದ ಆಚಾರ್ಯರ ಪಟ್ಟಿ ಇದೆ. ಅದರಲ್ಲಿ ಹೆಂಗಸರೂ ಇದ್ದಾರೆ: ಗಾರ್ಗಿ ವಾಚಕ್ನವಿ, ವಡವಾ ಪ್ರಾತಿಥೇಯಿ, ಸುಲಭಾ ಮೈತ್ರೇಯಿ. ಇಲ್ಲಿ ಗಮನಿಸಿ, ಸುಲಭಾ ಅನ್ನುವುದು ಅವಳ ಸ್ವಂತ ಹೆಸರು, ಮೈತ್ರೇಯಿ ಅನ್ನುವುದು ಮನೆತನ. ಈಗಿನ ಸರ್‌ನೇಮ್ ಇದ್ದ ಹಾಗೆ.

ಇದೊಂದೇ ಅಲ್ಲ ಪುಟ್ಟಿ. ನಾವು ಹೆಣ್ಣುಮಕ್ಕಳಿಗೆ ಇಡುವ ಎಷ್ಟು ಹೆಸರುಗಳು ಹೀಗೆ ಅಂತ ಲೆಕ್ಕ ಹಾಕು. ಜಾನಕಿ ಅಂದರೆ ಜನಕನ ಮಗಳು. ವೈದೇಹಿ ಅಂದರೆ ವಿದೇಹ ದೇಶದವಳು, ಮೈಥಿಲಿ ಅಂದರೆ ಮಿಥಿಲೆಯವಳು. ಜಾಹ್ನವಿ ಜಹ್ನುವಿನ ಮಗಳು. ಕೈಕೇಯಿ ಕೇಕಯದವಳು, ಗಾಂಧಾರಿ ಗಾಂಧಾರದವಳು. ದ್ರೌಪದಿಯ ನಿಜವಾದ ಹೆಸರು ಕೃಷ್ಣಾ, ಕುಂತಿಯದು ಪೃಥಾ. ಆದರೆ ನಮ್ಮ ಬಾಯಲ್ಲಿ ಉಳಿದದ್ದು ಅಪ್ಪನ ಹೆಸರಿಂದ ಹುಟ್ಟಿದ ಹೆಸರುಗಳೇ. ಇದನ್ನು ಕೇಳಿ ನಿನಗೆ ಕೋಪ ಬಂದರೆ ನಾನು ಬೇಡ ಅನ್ನುವುದಿಲ್ಲ. ಹಾಗಂತ ಹೆಸರು ಬಿಡಬೇಕಾಗಿಲ್ಲ. ಇವತ್ತು ಮೈತ್ರೇಯಿ ಅಂದರೆ ಮಿತ್ರಯುವನ್ನು ಯಾರು ನೆನೆಸಿಕೊಳ್ಳುತ್ತಾರೆ? ಅವಳೇ ನೆನಪಾಗುವುದು. ಆ ಮನೆತನದ ಹೆಸರನ್ನು ಅವಳು ತನ್ನದೇ ಮಾಡಿಕೊಂಡುಬಿಟ್ಟಿದ್ದಾಳೆ.

ಹೇಗೆ ಅಂತ ಹೇಳಬೇಕಲ್ಲ. ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವವನು. ಹೊರಡುವ ಮುಂಚೆ "ಮೈತ್ರೇಯಿ, ನಿನಗೂ ಕಾತ್ಯಾಯನಿಗೂ ಆಸ್ತಿ ಹಂಚಿಬಿಡುತ್ತೇನೆ" ಅನ್ನುತ್ತಾನೆ. ಇವಳು ತನಗೆ ಎಷ್ಟು ಬರುತ್ತದೆ ಅಂತ ಕೇಳುವುದಿಲ್ಲ. "ಇಡೀ ಭೂಮಿಯ ಸಂಪತ್ತು ನನ್ನದಾದರೆ ಅದರಿಂದ ನನಗೆ ಸಾವಿಲ್ಲದಂತೆ ಆಗುತ್ತಾ?" ಅಂತ ಕೇಳುತ್ತಾಳೆ. ಇಲ್ಲ, ಅನುಕೂಲಸ್ಥರು ಬದುಕುವ ಹಾಗೆ ನೀನೂ ಬದುಕುತ್ತೀಯ, ಅಷ್ಟೇ ಅನ್ನುತ್ತಾನೆ ಅವನು. ಹಾಗಾದರೆ ಅದನ್ನು ಇಟ್ಟುಕೊಂಡು ನಾನೇನು ಮಾಡಲಿ, ನಿಮಗೆ ಗೊತ್ತಿರುವುದನ್ನೇ ಹೇಳಿಕೊಡಿ ಅಂತ ಇವಳು. ಆಮೇಲೆ ಅವನು ಪಾಠ ಶುರು ಮಾಡುತ್ತಾನೆ. ಗಂಡ ಪ್ರಿಯನಾಗುವುದು ಗಂಡನಿಗೋಸ್ಕರ ಅಲ್ಲ, ಆತ್ಮಕ್ಕೋಸ್ಕರ ಅಂತ ಬರುವ ಮಾತು ಅಲ್ಲಿಯದೇ. ನಡುವೆ ಒಂದು ಕಡೆ "ಸತ್ತ ಮೇಲೆ ಅರಿವು ಇರುವುದಿಲ್ಲ" ಅಂತ ಅವನು ಅಂದಾಗ, "ಇಲ್ಲಿ ನನ್ನನ್ನು ಗೊಂದಲಕ್ಕೆ ಹಾಕಿಬಿಟ್ಟಿರಿ" ಅಂತ ಅಲ್ಲೇ ತಡೆಯುತ್ತಾಳೆ. ನನಗೆ ತುಂಬ ಇಷ್ಟವಾಗುವುದು ಆ ಜಾಗ. ಅರ್ಥವಾಗದ್ದಕ್ಕೆ ತಲೆಯಾಡಿಸುವವಳಲ್ಲ ಅವಳು. ಈ ಸಂವಾದ ಅದೇ ಉಪನಿಷತ್ತಿನಲ್ಲಿ ಎರಡು ಸಲ ಬರುತ್ತದೆ, 2ನೇ ಅಧ್ಯಾಯದಲ್ಲಿ ಒಮ್ಮೆ, 4ನೇ ಅಧ್ಯಾಯದಲ್ಲಿ ಇನ್ನೊಮ್ಮೆ, ಸ್ವಲ್ಪ ವ್ಯತ್ಯಾಸದೊಂದಿಗೆ.

ಪಾಪ, ಕಾತ್ಯಾಯನಿಗೆ ಮಾತ್ರ ಅಲ್ಲಿ ಒಂದು ಮಾತೂ ಇಲ್ಲ. ಮೈತ್ರೇಯಿ ಬ್ರಹ್ಮವಾದಿನಿ, ಅಂದರೆ ಬ್ರಹ್ಮದ ಬಗ್ಗೆ ಚರ್ಚೆ ಮಾಡುವವಳು, ಕಾತ್ಯಾಯನಿಗೆ ಸಾಮಾನ್ಯ ಹೆಂಗಸರಿಗೆ ಇರುವಷ್ಟೇ ತಿಳುವಳಿಕೆ ಅಂತ ಒಂದೇ ಏಟಿಗೆ ಮುಗಿಸಿಬಿಟ್ಟಿದ್ದಾರೆ. ಮನೆ ನೋಡಿಕೊಂಡವಳು ಅವಳೇ ಇರಬೇಕು ಅಂತ ನನ್ನ ಗುಮಾನಿ. ಇರಲಿ.

ಈಗ ಅಕ್ಕನ ಪ್ರಶ್ನೆ. ಮುಂದೆ ಬರಲಿರುವ ಬುದ್ಧನ ಹೆಸರು ಮೈತ್ರೇಯ, ಪಾಳಿಯಲ್ಲಿ ಮೆತ್ತೇಯ್ಯ. ಬೌದ್ಧರು ಅದನ್ನು ಮೈತ್ರಿಯ ಜೊತೆ ಜೋಡಿಸಿ ನೋಡುತ್ತಾರೆ, ಎಲ್ಲರಿಗೂ ಒಳ್ಳೆಯದನ್ನೇ ಬಯಸುವ ಅವರ ಮೆತ್ತಾ ಭಾವನೆ ಇದೆಯಲ್ಲ, ಅದು. ಜಪಾನಿನಲ್ಲಿ ಅವನೇ ಮಿರೋಕು. ಆದರೆ ಅದು ಗಂಡಿನ ರೂಪ, ನಮ್ಮ ಮಗುವಿನದು ಹೆಣ್ಣಿನ ರೂಪ. ಗೊಂದಲಕ್ಕೆ ಜಾಗವೇ ಇಲ್ಲ ಅಕ್ಕ. ಮಹಾಭಾರತದಲ್ಲೂ ಒಬ್ಬ ಮೈತ್ರೇಯ ಋಷಿ ಇದ್ದಾನೆ. ಬುದ್ಧಿ ಹೇಳಲು ಬಂದಾಗ ದುರ್ಯೋಧನ ತೊಡೆ ತಟ್ಟಿಕೊಂಡು ನಕ್ಕ ಅಂತ, ಆ ತೊಡೆಯನ್ನೇ ಭೀಮ ಮುರಿಯಲಿ ಅಂತ ಶಾಪ ಕೊಟ್ಟವನು. ಹೆಸರಲ್ಲಿ ಸ್ನೇಹ ಇದ್ದ ಮಾತ್ರಕ್ಕೆ ಸಿಟ್ಟು ಬರುವುದಿಲ್ಲ ಅಂತೇನಿಲ್ಲ ನೋಡಿ!

ಬುಡದಲ್ಲಿರುವ ಮಿತ್ರ ಅನ್ನುವ ಪದ ಇನ್ನೂ ಹಳೆಯದು. ಋಗ್ವೇದದಲ್ಲಿ ಮಿತ್ರ ಒಬ್ಬ ದೇವರು, ಕೊಟ್ಟ ಮಾತು ಕಾಯುವವನು, ಹೆಚ್ಚಾಗಿ ವರುಣನ ಜೊತೆಯಲ್ಲೇ ಬರುತ್ತಾನೆ. ಇರಾನಿನವರ ಮಿಥ್ರನೂ ಇವನ ಬಳಗದವನೇ. ಈಗಿನ ಟರ್ಕಿಯ ಬೊಗಜ್‌ಕೊಯ್‌ನಲ್ಲಿ ಸಿಕ್ಕಿದ ಕ್ರಿ.ಪೂ. 14ನೇ ಶತಮಾನದ ಒಂದು ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರರನ್ನು ಸಾಕ್ಷಿಗೆ ಕರೆದಿದ್ದಾರೆ. ಇಬ್ಬರು ರಾಜರ ನಡುವಿನ ಕರಾರಿಗೆ ಮಿತ್ರನೇ ಸಾಕ್ಷಿ, ಸರಿಯಾಗೇ ಇದೆ ಅಲ್ವಾ?

ಕೊನೆಗೆ ಬರವಣಿಗೆ ವಿಷಯ. ಕನ್ನಡದಲ್ಲಿ ಮೈತ್ರೇಯಿ, ತ್ರೇ ದೀರ್ಘ, ಕೊನೆಗೆ ಹ್ರಸ್ವ ಇ. ಸೀತಾ ಸೀತೆ ಆಗುವ ಹಾಗೆ ಇದು ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ನಮ್ಮ ದಕ್ಷಿಣದವರು ತ ಬಂದ ಕಡೆ ಟಿ ಪಕ್ಕ ಎಚ್ ಸೇರಿಸುತ್ತೇವೆ, ಉತ್ತರದವರು ಸೇರಿಸುವುದಿಲ್ಲ. ಯಾವುದಾದರೂ ಸರಿ, ಆದರೆ ಜನನ ಪ್ರಮಾಣಪತ್ರದಲ್ಲಿ ಬರೆಸಿದ್ದೇ ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಇರಲಿ, ಇಲ್ಲದಿದ್ದರೆ ಮುಂದೆ ತಲೆನೋವು. ಅವಸರ ಮಾಡಬೇಡ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ.

ನನ್ನ ವೋಟು ಮೈತ್ರೇಯಿಗೇ. ಹೇಗಿದ್ದರೂ ಮನೆಯಲ್ಲಿ ಮೈತ್ರಿ ಅಂತಲೋ ಮಿತ್ತು ಅಂತಲೋ ಕೂಗುವವರು ಇದ್ದೇ ಇರುತ್ತಾರೆ. ಭಾವ, ಆಗ ನಿಮ್ಮ ಸ್ನೇಹವೂ ಬಂದ ಹಾಗಾಯಿತಲ್ಲ. ಇನ್ನು ಹುಟ್ಟಿದ ನಕ್ಷತ್ರಕ್ಕೆ ಯಾವ ಅಕ್ಷರ ಬರುತ್ತದೆ ಅಂತ ಜೋರಾಗಿ ವಾದ ಮಾಡುತ್ತಿರುವವರಿಗೆ ನಾನು ಉತ್ತರ ಕೊಡುವುದಿಲ್ಲ, ಅದನ್ನು ನೀವು ನೀವೇ ಬಗೆಹರಿಸಿಕೊಳ್ಳಿ.