ಗದಗ–ಹುಬ್ಬಳ್ಳಿ ದಿನಾ ಓಡಾಟ: ಪವರ್ ಬ್ಯಾಂಕ್ ತಗೊಳ್ಳೋದೋ, ಫೋನಿನ ಬ್ಯಾಟರಿ ಬದಲಿಸೋದೋ?

ಮುಳಗುಂದ_ನಾಕಾ

ಎಲ್ಲಾರಿಗೂ ನಮಸ್ಕಾರ್ರಿ. ಡಿಗ್ರಿ ಮುಗಿದು ಈಗಷ್ಟ ನವನಗರದಾಗ ಟ್ರೇನಿ ಕೆಲಸ. ಮುಂಜಾನೆ ಗದಗದಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಹುಬ್ಬಳ್ಳಿ–ಧಾರವಾಡ ನಡುವ ಓಡೋ ಚಿಗರಿ ಬಸ್ಸು. ಸಂಜೀಕ ಹಂಗ ವಾಪಸ್. ಫೋನು 5000 ಎಂಎಎಚ್, ಎರಡೂವರೆ ವರ್ಷದ್ದು. ಮನಿ ಬಿಡೂಮುಂದ 100 ಇದ್ದದ್ದು ಮಧ್ಯಾಹ್ನ 3ಕ್ಕ 20ಕ್ಕ ಬರ್ತೈತಿ. ರೈಲಿನ ಟಿಕೆಟ್ಟೂ ಫೋನಿನ್ಯಾಗ. ಲ್ಯಾಪ್‌ಟಾಪ್ ಟೈಪ್-ಸಿ ಚಾರ್ಜಿಂಗ್‌ದು. 10000ದ್ದು ತಗೊಳ್ಳಲೋ, 20000ದ್ದು ತಗೊಳ್ಳಲೋ? ಇಲ್ಲಾ ಫೋನಿನ ಬ್ಯಾಟರಿನ ಬದಲಿಸ್ಲೋ? ಗೊತ್ತಿದ್ದವರು ಹೇಳ್ರಿ.

ಬೆಸುಗೆ_ಕಡ್ಡಿ

ರೊಕ್ಕ ಖರ್ಚು ಮಾಡೋಕಿಂತ ಮೊದಲ ತಪ್ಪು ಬ್ಯಾಟರಿದೋ ನೆಟ್‌ವರ್ಕಿಂದೋ ಅನ್ನೋದು ನೋಡ್ಕೋರಿ. ಎರಡಕ್ಕೂ ಬ್ಯಾರೆ ಬ್ಯಾರೆ ಔಷಧ.

ನೆಟ್‌ವರ್ಕಿನ ಪರೀಕ್ಷೆ ಸರಳ ಐತಿ. ಒಂದು ದಿನ ಗದಗದಿಂದ ಹುಬ್ಬಳ್ಳಿ ಮಟ ಫೋನು ಏರೋಪ್ಲೇನ್ ಮೋಡಿನ್ಯಾಗ ಇಡ್ರಿ, ಮರುದಿನ ಮಾಮೂಲಿನಂಗ ಬಿಡ್ರಿ. ಎರಡೂ ದಿನ ಸ್ಕ್ರೀನ್ ಮುಟ್ಟಬ್ಯಾಡ್ರಿ. ಮೊದಲ್ನೇ ದಿನ 1 ಪರ್ಸೆಂಟ್ ಇಳಿದು ಎರಡನೇ ದಿನ 7–8 ಇಳೀತು ಅಂದ್ರ ಬ್ಯಾಟರಿ ತಿನ್ನೋದು ಟವರ್. ಹುಲಕೋಟಿ, ಅಣ್ಣಿಗೇರಿ ದಾಟಿದ ಮ್ಯಾಲೆ ಎರಿ ಹೊಲದ ನಡುವ ಟವರ್ ದೂರ ಆಗ್ತಾವ. ಸಿಗ್ನಲ್ ಕಡಿಮಿ ಆದಷ್ಟು ಫೋನು ತನ್ನ ರೇಡಿಯೋದ ಶಕ್ತಿ ಏರಿಸ್ತೈತಿ. ಅದರ ಮ್ಯಾಲೆ 5ಜಿ ಹೋಗಿ 4ಜಿ, ಮತ್ತ 5ಜಿ ಅಂತ ಹುಡುಕಾಟ. ಸೆಟ್ಟಿಂಗ್ಸಿನ್ಯಾಗ ಸಿಮ್ಮಿನ ಪ್ರಿಫರ್ಡ್ ನೆಟ್‌ವರ್ಕ್ 4ಜಿಗೆ ಇಟ್ಟು ಒಂದು ವಾರ ನೋಡ್ರಿ. ಎರಡನೇ ಸಿಮ್ ಬೇಕಿಲ್ಲದಿದ್ರ ಪ್ರಯಾಣದಾಗ ಬಂದ್ ಮಾಡ್ರಿ. ವಿಡಿಯೋ ನೋಡೋದಿದ್ರ ರಾತ್ರಿ ಮನ್ಯಾಗ ವೈಫೈದಾಗ ಇಳಿಸ್ಕೋರಿ.

ಇನ್ನ ಬ್ಯಾಟರಿ ಅಳಿಯೋದು. ಕೇಬಲ್ಲಿಗೂ ಫೋನಿಗೂ ನಡುವ ಹಾಕೋ ಸಣ್ಣ ಯುಎಸ್‌ಬಿ ಮೀಟರ್ ಸಿಗ್ತೈತಿ. ಫೋನು 0ಕ್ಕ ಬಂದು ತಾನ ಆರಿದ ಮ್ಯಾಲೆ, ಸ್ವಿಚ್ ಆಫ್ ಇದ್ದಂಗನ ಪೂರ್ತಿ ಚಾರ್ಜ್ ಮಾಡ್ರಿ. ಮೀಟರಿನ್ಯಾಗ ಎಂಎಎಚ್ ನೋಡಬ್ಯಾಡ್ರಿ, ವೋಲ್ಟ್ ಏರಿಳಿದಂಗ ಅದು ತಪ್ಪು ದಾರಿ ಹಿಡಸ್ತೈತಿ. ವ್ಯಾಟ್-ಅವರ್ ನೋಡ್ರಿ, ಅದು ಒಟ್ಟು ಶಕ್ತಿಯ ಅಳತಿ. ಹೊಸ 5000 ಎಂಎಎಚ್ ಬ್ಯಾಟರಿ ಅಂದ್ರ ಸುಮಾರು 19 ವ್ಯಾಟ್-ಅವರ್, ಬಿಸಿಯಾಗಿ ಹೋಗೋ ನಷ್ಟ ಹಿಡಿದು ಮೀಟರಿನ್ಯಾಗ 22–23 ಬರಬೇಕು. 17ಕ್ಕ ಪೂರ್ತಿ ಆತಂದ್ರ ಉಳಿದ ತಾಕತ್ತು ಮುಕ್ಕಾಲು ಪಾಲು ಅಷ್ಟ, ಬದಲಿಸ್ರಿ. ಬದಲಿಸೋಮುಂದ ಹೊಸ ಬ್ಯಾಟರಿ ಮ್ಯಾಲಿನ ತಯಾರಿ ದಿನಾಂಕ ಕೇಳಿ ನೋಡ್ರಿ. ಎರಡು-ಮೂರು ವರ್ಷ ಕಪಾಟಿನ್ಯಾಗ ಕುಂತ ಬ್ಯಾಟರಿ ಹೊಸದಲ್ಲ.

ವ್ಯಾಟ್_ಲೆಕ್ಕ

ಪವರ್ ಬ್ಯಾಂಕಿನ ಲೆಕ್ಕ ನಾನು ಹೇಳುತ್ತೇನೆ. ಡಬ್ಬಿಯ ಮೇಲಿನ 10000 ಎಂಬುದು ಒಳಗಿನ ಸೆಲ್‌ಗಳ ಲೆಕ್ಕ, 3.7 ವೋಲ್ಟಿನದು. ಅಂದರೆ 37 ವ್ಯಾಟ್-ಅವರ್. ಹೊರಗೆ ಬರುವುದು 5 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು. ಆ ಪರಿವರ್ತನೆಯಲ್ಲಿ ಶೇ 10–15 ಹೋಗುತ್ತದೆ, ಫೋನಿನೊಳಗೆ ಇನ್ನಷ್ಟು. ನಿಮ್ಮ ಫೋನಿಗೆ ಹತ್ತಿರ ಹತ್ತಿರ ಒಂದೂವರೆ ಸಲ ತುಂಬುತ್ತದೆ, ಎರಡು ಸಲ ಅಲ್ಲ. ಇದು ಮೋಸವಲ್ಲ. ಆದರೆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಎಂದು ಬೇರೆ ಅಂಕಿ ಇರುತ್ತದೆ. ಎರಡು ಕಂಪನಿಗಳನ್ನು ಹೋಲಿಸುವಾಗ ಆ ಅಂಕಿಯನ್ನೇ ಹಿಡಿಯಿರಿ. ಅದು ಬರೆದೇ ಇಲ್ಲದಿದ್ದರೆ ಬಿಟ್ಟುಬಿಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು.

ಲ್ಯಾಪ್‌ಟಾಪಿಗೂ ಬೇಕೆಂದರೆ 20000ದ್ದು, ಆದರೆ 22.5 ವ್ಯಾಟಿನದು ಬೇಡ. ಹೆಚ್ಚಿನವರು ಎಡವುವುದು ಇಲ್ಲಿಯೇ. ಲ್ಯಾಪ್‌ಟಾಪ್ ಕೇಳುವುದು ಸಾಮಾನ್ಯವಾಗಿ ಪವರ್ ಡೆಲಿವರಿಯ (ಟೈಪ್-ಸಿ ಚಾರ್ಜಿಂಗ್‌ನ ಒಂದು ಪದ್ಧತಿ) 20 ವೋಲ್ಟ್. 22.5 ವ್ಯಾಟಿನವು ಬಹುಪಾಲು 12 ವೋಲ್ಟಿಗೇ ನಿಲ್ಲುತ್ತವೆ, ಲ್ಯಾಪ್‌ಟಾಪ್ ಅತ್ತ ತಿರುಗಿಯೂ ನೋಡುವುದಿಲ್ಲ. ಔಟ್‌ಪುಟ್ ಸಾಲಿನಲ್ಲಿ ‘20 ವೋಲ್ಟ್, 2.25 ಆಂಪ್’ ಇದ್ದರೆ 45 ವ್ಯಾಟ್, ‘20 ವೋಲ್ಟ್, 3.25 ಆಂಪ್’ ಇದ್ದರೆ 65 ವ್ಯಾಟ್. ನಿಮ್ಮ ಅಡಾಪ್ಟರಿನ ಮೇಲಿನ ಸಾಲಿಗೆ ಹೊಂದಿಸಿ ನೋಡಿ. ಕೇಬಲ್ಲೂ ಮುಖ್ಯ: ಸಾದಾ ಟೈಪ್-ಸಿ ಕೇಬಲ್ 3 ಆಂಪಿನದು, 60 ವ್ಯಾಟ್‌ವರೆಗೆ ಮಾತ್ರ. 65 ಬೇಕಾದರೆ ಚಿಪ್ ಇರುವ 5 ಆಂಪಿನ ಕೇಬಲ್ ಬೇಕು.

20000 ಎಂದರೆ 74 ವ್ಯಾಟ್-ಅವರ್. 50 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪನ್ನು ಒಂದು ಸಲ ತುಂಬಿಸಿದರೆ ಫೋನಿಗೆ ಉಳಿಯುವುದು ಸ್ವಲ್ಪವೇ. ತೂಕ 400 ಗ್ರಾಂ ಆಸುಪಾಸು. ಆಫೀಸಿನಲ್ಲಿ ಪ್ಲಗ್ ಸಿಗುವುದಾದರೆ ದಿನಾ ಅಷ್ಟು ಹೊರುವ ಅಗತ್ಯವಿಲ್ಲ, 10000ದ್ದೇ ಸಾಕು ಎಂಬುದು ನನ್ನ ಅಭಿಪ್ರಾಯ. ಮುಂದೆ ವಿಮಾನ ಹತ್ತುವುದಿದ್ದರೆ 100 ವ್ಯಾಟ್-ಅವರ್ ಒಳಗಿನದನ್ನು ಕೈಚೀಲದಲ್ಲಿ ಮಾತ್ರ ಇಡಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ.

ಪಾಸಿನ_ಪ್ಯಾಸೆಂಜರ್

ತಮ್ಮಾ, ಟಿಕೆಟ್ ಬಗ್ಗೆ ಒಂದು ಮಾತು. ರೈಲ್ವೆ ಆ್ಯಪಿನ ಪೇಪರ್‌ಲೆಸ್ ಟಿಕೆಟ್ಟು ಆ್ಯಪಿನ್ಯಾಗನ ತೋರಸ್ಬೇಕು, ಸ್ಕ್ರೀನ್‌ಶಾಟ್ ನಡಿಯೂದಿಲ್ಲ. ಫೋನು ಆರಿದ್ರ ಟಿಕೆಟ್ ಇಲ್ಲದವನ ಲೆಕ್ಕ, ದಂಡ ಕಟ್ಟಬೇಕಾಗ್ತೈತಿ. ನೆಟ್ ಇಲ್ಲದಿದ್ರ ಅಂಜಬ್ಯಾಡ, ತೆಗೆದ ಟಿಕೆಟ್ಟು ಆಫ್‌ಲೈನ್ ತೋರಿಸ್ತೈತಿ. ಅಂಜೋದು ಚಾರ್ಜಿಗೆ. ದಿನಾ ಹೋಗೂದಾದ್ರ ಸ್ಟೇಷನ್ ಕೌಂಟರಿನ್ಯಾಗ ತಿಂಗಳ ಪಾಸು ಕಾಗದದ್ದ ಮಾಡಿಸ್ಕೋ, ಗುರುತಿನ ಚೀಟಿ ಜೊತಿಗಿರ್ಲಿ. ಫೋನು ಸತ್ರೂ ಪ್ರಯಾಣ ನಿಲ್ಲೂದಿಲ್ಲ.

ಬೋಗಿಯ ಪ್ಲಗ್ ನಂಬ್ಕೊಂಡು ಕುಂದರಬ್ಯಾಡ. ಅಲ್ಲಿ ಬರೂದು 110 ವೋಲ್ಟ್. ಚಾರ್ಜರ್ ಮ್ಯಾಲೆ 100–240 ಅಂತ ಬರ್ದಿದ್ರ ತೊಂದ್ರಿ ಇಲ್ಲ, ಆದ್ರ ಸಾಕೆಟ್ ಸಡಿಲ ಇದ್ರ ಭಾರದ ಚಾರ್ಜರ್ ಕುಲುಕಿಗೆ ಜಾರಿ ಹೊರಗ ಬರ್ತೈತಿ. ಜನರಲ್ ಬೋಗಿಯೊಳಗ ಗದ್ದಲದಾಗ ಪ್ಲಗ್ ಹತ್ರ ಜಾಗಾನ ಸಿಗೂದಿಲ್ಲ.

ಮುಳಗುಂದ_ನಾಕಾ

ಬಾಳ ಉಪಕಾರ ಆತ್ರಿ ಅಣ್ಣಾರ. ನಾಳೆ ಏರೋಪ್ಲೇನ್ ಮೋಡ್ ಪರೀಕ್ಷೆ ಮಾಡ್ತೀನಿ. ಇನ್ನೊಂದು ಕೇಳೋದಿತ್ತು: ಟೇಬಲ್ ಮ್ಯಾಲೆ ಇಟ್ಟು ಟೈಪ್ ಮಾಡೂಮುಂದ ಫೋನು ಸ್ವಲ್ಪ ತಿರುಗ್ತೈತಿ. ಕ್ಯಾಮೆರಾ ಉಬ್ಬಿಗೆ ಇರಬಹುದಾ?

ಬೆಸುಗೆ_ಕಡ್ಡಿ

ಕವರ್ ತೆಗೆದು ಫೋನು ಬೋರಲ ಹಾಕ್ರಿ, ಸ್ಕ್ರೀನ್ ಕೆಳಗ ಬರಂಗ, ಗಾಜಿನ ಮ್ಯಾಲೆ. ಆಗ ಕ್ಯಾಮೆರಾ ಲೆಕ್ಕಕ್ಕ ಬರೂದಿಲ್ಲ. ಒಂದು ಮೂಲಿ ಒತ್ತಿದ್ರ ಎದುರಿನ ಮೂಲಿ ಏಳ್ತೈತಿ, ಇಲ್ಲಾ ಅಂಚಿನ್ಯಾಗ ಸ್ಕ್ರೀನಿಗೂ ಫ್ರೇಮಿಗೂ ನಡುವ ಉಗುರು ಸೇರೂವಷ್ಟು ಸಂದಿ ಬಿದ್ದೈತಿ ಅಂದ್ರ ಬ್ಯಾಟರಿ ಉಬ್ಬಿದ್ದು ಖರೆ. ಹಂಗಿದ್ರ ಮ್ಯಾಲೆ ಹೇಳಿದ ಮೀಟರ್ ಪರೀಕ್ಷೆ ಮಾಡಬ್ಯಾಡ್ರಿ, ಚಾರ್ಜಿಗೂ ಹಾಕಬ್ಯಾಡ್ರಿ. ಸಂದಿ ಒತ್ತಿ ಮುಚ್ಚಾಕ ಹೋಗಬ್ಯಾಡ್ರಿ. ಡೇಟಾ ಬ್ಯಾಕಪ್ ತಗೊಂಡು, ಸ್ವಿಚ್ ಆಫ್ ಮಾಡಿ ರಿಪೇರಿಗೆ ಒಯ್ರಿ. ಹಳೇ ಬ್ಯಾಟರಿ ಅಂಗಡಿಯವರ ಕಡೇನ ಬಿಡ್ರಿ, ಮನಿ ಕಸದ ಡಬ್ಬಿಗೆ ಬ್ಯಾಡ.