ಪದಚರ್ಚೆ: ‘ಫಿಯೋಕ್ರೊಮೊಸೈಟೋಮ’ದಲ್ಲಿ ಕ್ರೋಮಿಯಂ ಇದೆಯೇ?

ಹಾಸನದಿಂದ ಪ್ರಶ್ನೆ: ರೋಗಿಗಳಿಗೆ ಕೊಡುವ ಕರಪತ್ರದಲ್ಲಿ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಗೆಡ್ಡೆಯೊಂದರ ಹೆಸರಾದ ಈ ಪದವನ್ನು ಒಬ್ಬರು ‘ಕ್ರೋಮಿಯಂ ಕೋಶಗಂತಿ’ ಎಂದೂ ಇನ್ನೊಬ್ಬರು ‘ಕಂದುಕೋಶ ಗೆಡ್ಡೆ’ ಎಂದೂ ಮಾಡಿದ್ದಾರೆ. ಯಾವುದನ್ನು ಉಳಿಸಿಕೊಳ್ಳೋಣ?

ಚಿಕ್ಕಮಗಳೂರಿನಿಂದ ಉತ್ತರ: ಎರಡೂ ಬೇಡ ಸರ್. ಮೊದಲನೆಯದು ತಪ್ಪು. ಎರಡನೆಯದು ಪದಕ್ಕೆ ನಿಷ್ಠ, ಆದರೆ ರೋಗಿಯ ದಾರಿ ತಪ್ಪಿಸುತ್ತದೆ.

1912ರಲ್ಲಿ ಮೂಲ ಪದವನ್ನು ಗ್ರೀಕ್ ಮೂಲಗಳಿಂದ ಕಟ್ಟಿದವರು ಜರ್ಮನಿಯ ರೋಗಶಾಸ್ತ್ರಜ್ಞ ಲುಡ್ವಿಗ್ ಪಿಕ್. ‘ಫಾಯೊಸ್’ ಅಂದರೆ ಮಬ್ಬುಗಂದು. ಹುಳಿ ಹಾಕಿ ಬೇಯಿಸಿದ ಸೊಪ್ಪಿನ ಹಸಿರು ಮಾಸುತ್ತದಲ್ಲ, ಹೆಚ್ಚುಕಡಿಮೆ ಆ ಬಣ್ಣ. ಪತ್ರಹರಿತ್ತಿನ ಮೆಗ್ನೀಸಿಯಂ ಕಳಚಿ ಉಳಿಯುವ ಆ ವಸ್ತುವಿಗೂ ಇದೇ ಬೇರಿನಿಂದ ‘ಫಿಯೋಫೈಟಿನ್’ ಎಂಬ ಹೆಸರು. ‘ಕ್ರೋಮ’ ಬಣ್ಣ. ‘ಕುಟೊಸ್’ ಮೂಲದಲ್ಲಿ ಗುಡಾಣದಂಥ ಟೊಳ್ಳು ಪಾತ್ರೆ, ಜೀವವಿಜ್ಞಾನದಲ್ಲಿ ಕೋಶ. ‘ಓಮ’ ಗೆಡ್ಡೆ, ಆದರೆ ಕಣ್ಣಿನ ರೋಗವಾದ ಗ್ಲಾಕೋಮಕ್ಕೂ ಅದೇ ಬಾಲ, ಅಲ್ಲಿ ಗೆಡ್ಡೆ ಇಲ್ಲ.

ಗೊಂದಲ ಹುಟ್ಟುವುದು ಬಣ್ಣ ಬರಿಸುವ ವಿಧಾನದಿಂದ. ಗೆಡ್ಡೆಯ ಹಸಿ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿಟ್ಟರೆ ಅದರೊಳಗಿನ ಅಡ್ರಿನಲಿನ್, ನಾರಡ್ರಿನಲಿನ್ ಹಾರ್ಮೋನುಗಳು ಉತ್ಕರ್ಷಣಗೊಂಡು ಕಂದಾಗುತ್ತವೆ. ತುಂಡನ್ನು ಮೊದಲೇ ಆಲ್ಕೊಹಾಲಿಗೆ ಹಾಕಿಬಿಟ್ಟರೆ ಹಾರ್ಮೋನು ಕರಗಿ ಹೋಗಿ ಬಣ್ಣ ಕೈಕೊಡುತ್ತದೆ. ಅಂದರೆ ಹೆಸರಿನಲ್ಲಿರುವ ಕಂದು ದ್ರಾವಣದ ತಟ್ಟೆಯಲ್ಲಿ ಬಂದದ್ದು, ಹೊಟ್ಟೆಯೊಳಗೆ ಇದ್ದದ್ದಲ್ಲ. ಈಗ ರೋಗ ಪತ್ತೆಗೆ ಈ ಪರೀಕ್ಷೆಯನ್ನು ನೆಚ್ಚುವುದೂ ಇಲ್ಲ. ರಕ್ತದಲ್ಲಿ ಅಥವಾ 24 ಗಂಟೆಯ ಮೂತ್ರದಲ್ಲಿ, ಆ ಹಾರ್ಮೋನುಗಳಿಂದ ಉಂಟಾಗುವ ಮೆಟಾನೆಫ್ರಿನ್ ಅಳೆಯುತ್ತಾರೆ.

ಕ್ರೋಮಿಯಂ ನಿಜಕ್ಕೂ ಇರುವುದು ‘ಕ್ರೋಮಾಫಿನ್’ ಎಂಬ ನೆಂಟ ಪದದಲ್ಲಿ: ಕ್ರೋಮಿಯಂ ಲವಣಕ್ಕೆ ಒಲಿಯುವ ಕೋಶ. ನಿಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ಅಗೆದ ಕ್ರೋಮೈಟ್ ಅದಿರಿನ ಲೋಹವೇ ಅದು. ಲವಣಗಳು ಬಗೆಬಗೆಯ ಬಣ್ಣದವು ಎಂದೇ ಆ ಲೋಹಕ್ಕೂ ‘ಕ್ರೋಮ’ದಿಂದ ಹೆಸರು ಬಂತು. ಹೀಗಾಗಿ ಎರಡೂ ಒಂದೇ ಬೇರಿನವು, ಆದರೆ ಪಿಕ್ ಹೇಳಿದ್ದು ಬಣ್ಣವನ್ನು, ಲೋಹವನ್ನಲ್ಲ.

ಕರಪತ್ರಕ್ಕೆ ‘ಅಡ್ರಿನಲ್ ತಿರುಳಿನ ಗೆಡ್ಡೆ’ ಎಂದು ಬರೆದು, ಪಕ್ಕದಲ್ಲೇ ‘ಫಿಯೋಕ್ರೊಮೊಸೈಟೋಮ’ ಎಂದು ಒಡೆಯದೆ ಕೊಡಿ. ವೈದ್ಯರ ಚೀಟಿಯಲ್ಲಿರುವುದು ಅದೇ. ಮೇಲಾಗಿ ನ್ಯೂರೋಬ್ಲಾಸ್ಟೋಮ ಎಂಬ ಬೇರೊಂದು ಗೆಡ್ಡೆ ಕೂಡ ಅದೇ ತಿರುಳಲ್ಲಿ ಹುಟ್ಟಬಲ್ಲದು, ಹಾಗಾಗಿ ಕನ್ನಡದ ಹೆಸರೊಂದೇ ಸಾಲದು. ‘ಗಂತಿ’ ನನಗೆ ಇಷ್ಟದ ಪದವೇ, ಆದರೆ ‘ಗ್ರಂಥಿಯ ಗಂತಿ’ ಎಂದು ಓದುವಾಗ ನಾಲಿಗೆಯೂ ತೊಡರುತ್ತದೆ, ಅರ್ಥವೂ. ಇದೇ ಬಗೆಯ ಗೆಡ್ಡೆ ಅಡ್ರಿನಲ್‌ನಿಂದ ಹೊರಗಿದ್ದರೆ ಹೆಸರು ‘ಪ್ಯಾರಾಗ್ಯಾಂಗ್ಲಿಯೋಮ’. ಅದಕ್ಕೆ ಮೇಲಿನ ಕನ್ನಡ ಹೆಸರು ಹಚ್ಚಬೇಡಿ.