ಘಾಟಿ ಹತ್ತುವಾಗ ಪಿಕಪ್ ಇಲ್ಲ, ಕಪ್ಪು ಹೊಗೆ. ಟರ್ಬೋ ಹೋಗಿದೆಯಾ?

ಹೇಮಾವತಿ ದಡ (ಸಕಲೇಶಪುರ)

ನನ್ನದು 2014ರ ಡೀಸೆಲ್ ಹ್ಯಾಚ್‌ಬ್ಯಾಕ್, 1.3 ಲೀಟರ್, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬೋ ಟರ್ಬೋ ಇದೆ, 1,38,000 ಕಿ.ಮೀ. ಓಡಿದೆ. ಮಗಳು ಮಂಗಳೂರಲ್ಲಿ ಓದುತ್ತಿರೋದರಿಂದ ತಿಂಗಳಿಗೆ ಎರಡು ಸಲ ಶಿರಾಡಿ ಇಳಿದು ಹತ್ತಲೇಬೇಕು. ಎರಡು ತಿಂಗಳಿಂದ ಘಾಟಿ ಬುಡದ ಗುಂಡ್ಯ ದಾಟಿದ ಮೇಲೆ ಗಾಡಿ ಎಳೆಯೋದೇ ಇಲ್ಲ. ಮೂರನೇ ಗೇರಲ್ಲಿ ಸಲೀಸಾಗಿ ಏರುತ್ತಿದ್ದ ತಿರುವಲ್ಲಿ ಈಗ ಎರಡಕ್ಕೆ ಹಾಕಿದರೂ ಏದುಸಿರು. ಹಿಂದೆ ಬಸ್ಸಿನ ಹಾರ್ನ್, ಕನ್ನಡಿ ನೋಡಿದರೆ ನನ್ನದೇ ಕಪ್ಪು ಹೊಗೆ. ಪೂರ್ತಿ ತುಳಿದುಕೊಂಡೇ ಹೋದರೆ ಎಂಜಿನ್ ಲೈಟ್ ಹತ್ತುತ್ತೆ, ಆಮೇಲೆ 3000 ಆರ್‌ಪಿಎಂ ದಾಟಲ್ಲ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ. ಹಾಸನದ ಕಡೆ ಹೋದರೆ ಇದ್ಯಾವುದೂ ಗೊತ್ತೇ ಆಗಲ್ಲ.

ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0299, ಅಂದರೆ ಬೂಸ್ಟ್ (ಟರ್ಬೋ ತುಂಬೋ ಗಾಳಿಯ ಒತ್ತಡ) ಕಡಿಮೆ. 'ಎಂಜಿನ್ ಆಫ್ ಇದ್ದಾಗ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗೋ ಗಾಳಿಯ ಒತ್ತಡ ಅಳೆಯೋದು) 100 ಕೆಪಿಎ ತೋರಿಸಬೇಕು, ನಿಮ್ಮದು 90, ಸೆನ್ಸರ್ ಹೋಗಿದೆ' ಅಂತ ಹೊಸದು ಹಾಕಿದರು. ಹೊಸದೂ 90! ಈಗ ಟರ್ಬೋನೇ ಹೋಗಿದೆ, 40 ಸಾವಿರದ ಮೇಲಾಗುತ್ತೆ ಅಂತಿದ್ದಾರೆ. ಇಂಟರ್‌ಕೂಲರ್ (ಟರ್ಬೋದಿಂದ ಬರೋ ಬಿಸಿ ಗಾಳಿ ತಣಿಸೋದು) ಪೈಪಿನ ಒಳಗೆ ಆಯಿಲ್ ಇರೋದೇ ಅದಕ್ಕೆ ಸಾಕ್ಷಿಯಂತೆ. ಸೆನ್ಸರ್ ರೀಡಿಂಗ್ ತೋರಿಸೋ ಡಾಂಗಲ್ ನಾನೇ ಹಾಕಿ ನೋಡಿದೆ: ಗುಂಡ್ಯದ ಏರಲ್ಲಿ ಪೂರ್ತಿ ತುಳಿದಾಗ 2200 ಆರ್‌ಪಿಎಂಗೆ 130 ಕೆಪಿಎ. ಏನು ಮಾಡಲಿ?

ಪುತ್ತೂರಿನವ

ಮೊದಲು ಡೀಸೆಲ್ ಫಿಲ್ಟರ್ ಬದಲಾಯಿಸಿ ಮಾರಾಯ್ರೆ. ನನ್ನ ಜೀಪಿಗೆ ಇದೇ ಆಗಿತ್ತು, ಚಾರ್ಮಾಡಿಯಲ್ಲಿ ನಿಂತೇ ಹೋಯಿತು. ಹೊಗೆ ಮಾತ್ರ ಇರಲಿಲ್ಲ.

ಡೀಸೆಲ್ ಹುಬ್ಬಳ್ಳಿ

ಅಣ್ಣಾರ, ಟರ್ಬೋ ಬಿಚ್ಚಸಬ್ಯಾಡ್ರಿ. ಸೆನ್ಸರ್ ಸುಳ್ಳ ಹೇಳಾಕತ್ತಿಲ್ಲ. 100 ಬರೋದು ಸಮುದ್ರದ ಮಟ್ಟಕ್ಕ. ನಿಮ್ಮೂರು 900 ಮೀಟರ್‌ಗಿಂತ ಮ್ಯಾಲೈತಿ, ಅಲ್ಲಿ ಗಾಳಿ ಒತ್ತಡಾನ 90. ನಮ್ಮ ಹುಬ್ಬಳ್ಯಾಗ 93-94 ಇರತೈತಿ. ಅದೇ ಡಾಂಗಲ್ ಮಂಗಳೂರಾಗ ಹಚ್ಚಿ ನೋಡ್ರಿ, 100 ಬರತೈತಿ.

ಗುಂಡ್ಯದ 130 ಮಾತ್ರ ಖರೇನ ತ್ರಾಸಿಂದು. ಅದರಾಗ ಮುಕ್ಕಾಲು ಪಾಲು ಹೊರಗಿನ ಗಾಳಿ, ಟರ್ಬೋದಿಂದ ಬಂದಿದ್ದು ಬರೇ 30. ಪೂರ್ತಿ ತುಳದ್ರ 200ರ ಆಸುಪಾಸು ಬರಬೇಕಿತ್ತು.

ಪುತ್ತೂರಿನವರ ಮಾತನ್ಯಾಗ ಒಂದು ಸುಳಿವೈತಿ. ಫಿಲ್ಟರ್ ಕಟ್ಟಿದ್ರ ಗಾಡಿ ಸೊರಗತೈತಿ, ಕರಿ ಹೊಗಿ ಬರಂಗಿಲ್ಲ. ಕರಿ ಹೊಗಿ ಅಂದ್ರ ಡೀಸೆಲ್ ಐತಿ, ಗಾಳಿ ಇಲ್ಲ. ಒಳಗ ಬರೋ ಗಾಳಿ ಎಷ್ಟಂತ ಅಳೆಯೋ ಬ್ಯಾರೆ ಸೆನ್ಸರ್ ಏರ್ ಫಿಲ್ಟರ್ ಹಂತೇಕ ಇರತೈತಿ. ಅದನ್ನ ದಾಟಿದ ಮ್ಯಾಲೆ ಹೋಸ್ ಒಡದ್ರ ಇಸಿಯುಗೆ (ಎಂಜಿನ್ ಕಂಪ್ಯೂಟರಿಗೆ) ಏನು ಗೊತ್ತು? ಅಳದಷ್ಟಕ್ಕ ಲೆಕ್ಕ ಹಾಕಿ ಡೀಸೆಲ್ ಬಿಡತೈತಿ, ಗಾಳಿ ಮಾತ್ರ ರಸ್ತೆಪಾಲು. ಇಜಿಆರ್ ವಾಲ್ವ್ (ಸುಟ್ಟ ಹೊಗಿ ಒಂದೀಟು ತಿರುಗಿ ಎಂಜಿನ್ನಿಗೆ ಬಿಡೋದು) ತೆರೆದಲ್ಲೇ ಸಿಕ್ಕೊಂಡ್ರೂ ಕರಿ ಹೊಗಿ ಬರತೈತಿ, ಆದ್ರ ನಾನಾದ್ರ ಮೊದಲು ಹೋಸ್ ನೋಡತೀನಿ.

ಪೈಪಿನ್ಯಾಗ ಆಯಿಲ್ ಪಸೆ ಇದ್ರ ಹೆದರಬ್ಯಾಡ್ರಿ, ಎಂಜಿನ್ ಒಳಗಿನ ಆವಿ ಬಿಡೋ ಬ್ರೀದರ್‌ನಿಂದ ಬರತೈತಿ. ಎಂಜಿನ್ ಆರಿದ ಮ್ಯಾಲೆ ಟರ್ಬೋ ಶಾಫ್ಟ್ ಹಿಡಿದು ಉದ್ದಕ್ಕ ಜಗ್ಗಿ ನೋಡ್ರಿ. ಆ ದಿಕ್ಕಿಗೆ ಆಟ ಕೈಗೆ ಗೊತ್ತಾಗಬಾರದು. ಅಡ್ಡಕ್ಕ ಒಂದೀಟು ಇದ್ರ ನಡೀತೈತಿ.

ನಿಂತ ಗಾಡಿ ರೇಸ್ ಮಾಡಿ 'ಲೀಕ್ ಇಲ್ಲ' ಅಂತಾರ. ಲೋಡ್ ಇಲ್ಲದ ಬೂಸ್ಟ್ ಎಲ್ಲಿಂದ ಬರಬೇಕು? ಪಿವಿಸಿ ಎಂಡ್ ಕ್ಯಾಪಿಗೆ ತೂತು ಕೊರದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕುಂದ್ರಸ್ರಿ. ಏರ್ ಫಿಲ್ಟರ್ ಪೈಪ್ ತಗದು ಟರ್ಬೋದ ಬಾಯಿಗೆ ಆ ಕ್ಯಾಪ್ ಬಿಗೀರಿ. ಎಂಜಿನ್ ಆಫ್ ಇಟ್ಟು ಪಂಕ್ಚರ್ ಅಂಗಡಿ ಗಾಳಿ ಹೊಡೀರಿ, 15 ಪಿಎಸ್‌ಐ ದಾಟಬ್ಯಾಡ್ರಿ. ಎಲ್ಲಾ ಜೋಡಿಗೂ ಸೋಪಿನ ನೀರು. ಕ್ಯಾಪಿನ ಎದುರಿಗೆ ಮಾರಿ ಇಡಬ್ಯಾಡ್ರಿ, ನಮ್ಮ ಹುಡುಗನ ಚಾಳೀಸು ಹಾರಿ ಹೋಗೈತಿ.

ಹೇಮಾವತಿ ದಡ

ಸಿಕ್ಕಿತು ಸಾರ್! ಇಂಟರ್‌ಕೂಲರಿಂದ ಎಂಜಿನ್ನಿಗೆ ಹೋಗೋ ರಬ್ಬರ್ ಹೋಸ್, ಕ್ಲಾಂಪಿಂದ ಎರಡು ಬೆರಳು ಈಚೆ, ಕೆಳಮೈಯಲ್ಲಿ. ಮೇಲಿಂದ ನೋಡಿದರೆ ಹೊಸದರ ಹಾಗಿದೆ. ಕೆಳಗೆ ಆಯಿಲ್ ಮತ್ತು ಘಾಟಿ ಧೂಳು ಸೇರಿ ಕಾಡಿಗೆ ಥರ ಮೆತ್ತಿಕೊಂಡಿತ್ತು, ಒರೆಸಿದ ಮೇಲೂ ಸೀಳು ಕಾಣಲಿಲ್ಲ. 10 ಪಿಎಸ್‌ಐ ಆಗುತ್ತಿದ್ದಂತೆ ಮೀನು ಬಾಯಿ ಬಿಟ್ಟ ಹಾಗೆ ತೆರೆದು ನೊರೆ ಉಗುಳಿತು. ಗಾಳಿ ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಪಂಕ್ಚರ್ ಅಂಗಡಿಯವರಿಗೇ ನನಗಿಂತ ಖುಷಿ, ದುಡ್ಡು ತಗೊಳ್ಳಲಿಲ್ಲ.

ಶಾಫ್ಟ್ ಉದ್ದಕ್ಕೆ ಅಲ್ಲಾಡಲಿಲ್ಲ. ಹೊಸ ಹೋಸು, ಎರಡು ಕ್ಲಾಂಪು ಸೇರಿ 1,900 ಆಯಿತು. ನಿನ್ನೆ ಮಂಗಳೂರಿಗೆ ಹೋಗಿ ಬಂದೆ. ಪಂಪ್‌ವೆಲ್ ಹತ್ತಿರ ನಿಲ್ಲಿಸಿ ಕೀ ಆನ್ ಮಾಡಿ ನೋಡಿದರೆ, ನೀವು ಹೇಳಿದ ಹಾಗೆ 100. ವಾಪಸ್ ಬರುವಾಗ ಅದೇ ಏರಲ್ಲಿ ಮೂರನೇ ಗೇರ್, 205, ಹೊಗೆ ಇಲ್ಲ. ಬಿಚ್ಚಿ ಕೊಟ್ಟ ಹಳೇ ಸೆನ್ಸರ್ ಡಿಕ್ಕಿಯಲ್ಲೇ ಇದೆ, ಇದೇ ಎಂಜಿನ್ನಿನ ಗಾಡಿ ಇರೋರು ಯಾರಿಗಾದರೂ ಬೇಕಿದ್ದರೆ ಹೇಳಿ.